ಒಂದೇ ಲಿನೊ ತುಂಡು, ಮೂರು ಬಣ್ಣ: ಪಿಕಾಸೊ ಹಿಡಿದ ದಾರಿಯಲ್ಲಿ ಮನೆಯಲ್ಲೇ ಅಚ್ಚು ತೆಗೆಯುವುದು

ಲಿನೊ ಎಂಬ ಹಾಳೆಯ ತುಂಡನ್ನು ಕೆತ್ತಿ ತೆಗೆಯುವ ಅಚ್ಚೇ ಲಿನೊಕಟ್. ಒಂದು ಬಣ್ಣದ್ದಾದರೆ ಕಷ್ಟವೇನಲ್ಲ. ಬೇಡವಾದದ್ದನ್ನು ಕೆತ್ತಿ ತೆಗೆದು, ಉಳಿದದ್ದಕ್ಕೆ ಶಾಯಿ ಹಚ್ಚಿ, ಕಾಗದ ಹಾಸಿ ಒತ್ತಿದರೆ ಮುಗಿಯಿತು. ತಲೆನೋವು ಶುರುವಾಗುವುದು ಎರಡನೆಯ ಬಣ್ಣ ಬೇಕೆನಿಸಿದಾಗ. ಬಣ್ಣಕ್ಕೊಂದು ಬ್ಲಾಕ್, ಅಂದರೆ ಅಚ್ಚಿನ ತುಂಡು, ಕೆತ್ತಿ, ಒಂದರ ಮೇಲೊಂದು ಮುದ್ರಿಸುವುದು ಹಳೆಯ ರೂಢಿ. ಒಂದು ಬ್ಲಾಕ್ ಎಳೆಯಷ್ಟು ಸರಿದರೂ ತುಟಿಯ ಕೆಂಪು ಗಲ್ಲದ ಮೇಲೆ ಹೋಗಿ ಕೂರುತ್ತದೆ.

ಪಾಬ್ಲೊ ಪಿಕಾಸೊ ಈ ಪೇಚಿಗೆ ಸಿಕ್ಕಿಕೊಂಡದ್ದು 1958ರಲ್ಲಿ. ಜರ್ಮನಿಯ ಹಳೆಯ ಕಲಾವಿದ ಕಿರಿಯ ಲೂಕಾಸ್ ಕ್ರಾನಾಕ್‌ನ ಮಹಿಳಾ ಭಾವಚಿತ್ರವೊಂದನ್ನು ಎದುರಿಗಿಟ್ಟುಕೊಂಡು, ಬಣ್ಣಕ್ಕೊಂದರಂತೆ ಹಲವು ಬ್ಲಾಕ್‌ಗಳನ್ನು ಕೆತ್ತಿ ಅವನು ದೊಡ್ಡದೊಂದು ಲಿನೊಕಟ್ ಮಾಡಿದ. ಚಿತ್ರವೇನೋ ಬೆರಗು ಹುಟ್ಟಿಸುವಂತೆ ಬಂತು. ಆದರೆ ಬ್ಲಾಕ್‌ಗಳನ್ನು ಒಂದಕ್ಕೊಂದು ಹೊಂದಿಸುವ ಆ ರೇಜಿಗೆಯ ಕೆಲಸ ಅವನ ಸ್ವಭಾವಕ್ಕೆ ಒಗ್ಗುವಂಥದ್ದಲ್ಲ. 1959ರಿಂದ ಅವನು ಬೇರೆ ದಾರಿ ಹಿಡಿದ. ಒಂದೇ ತುಂಡು ಲಿನೊ. ಸ್ವಲ್ಪ ಕೆತ್ತಿ ತಿಳಿಬಣ್ಣದಲ್ಲಿ ಎಲ್ಲ ಹಾಳೆಗಳನ್ನೂ ಮುದ್ರಿಸುವುದು. ಅದೇ ತುಂಡನ್ನು ಇನ್ನಷ್ಟು ಕೆತ್ತಿ ಅವೇ ಹಾಳೆಗಳ ಮೇಲೆ ಗಾಢ ಬಣ್ಣ. ಮತ್ತೆ ಕೆತ್ತನೆ, ಮತ್ತೆ ಬಣ್ಣ. ಇದನ್ನು ರಿಡಕ್ಷನ್ ವಿಧಾನ ಎನ್ನುತ್ತಾರೆ. ಒಮ್ಮೆ ಕೆತ್ತಿದ್ದು ಹೋಯಿತು. ಹಿಂದಿನ ಬಣ್ಣಕ್ಕೆ ಮರಳುವ ದಾರಿಯೇ ಇಲ್ಲ.

ಮನೆಯ ಮೇಜಿನ ಮೇಲೆ, ಯಂತ್ರವಿಲ್ಲದೆ, ಇದೇ ವಿಧಾನದಲ್ಲಿ ಮೂರು ಬಣ್ಣದ ಅಚ್ಚು ತೆಗೆಯುವುದು ಹೇಗೆಂದು ಮುಂದೆ ಹೇಳುತ್ತೇನೆ. ಒಂದು ಮಾತನ್ನು ಮೊದಲೇ ಆಡಿಬಿಡಬೇಕು. ಪಿಕಾಸೊ ಕೆತ್ತುತ್ತಿದ್ದ, ನಿಜ. ಮುದ್ರಿಸುತ್ತಿದ್ದವನು ಹಿಡಾಲ್ಗೊ ಅರ್ನೆರಾ. ದಕ್ಷಿಣ ಫ್ರಾನ್ಸಿನ ವಲೋರಿಸ್ ಎಂಬ ಕುಂಬಾರರ ಊರಿನಲ್ಲಿ ಅವನ ಮುದ್ರಣಾಲಯವಿತ್ತು. 1950ರ ದಶಕದಲ್ಲಿ ಅಲ್ಲಿನ ಮಡಕೆ ಪ್ರದರ್ಶನಗಳಿಗೆ, ಗೂಳಿ ಕಾಳಗಗಳಿಗೆ ಪಿಕಾಸೊ ಲಿನೊ ಪೋಸ್ಟರ್‌ಗಳನ್ನು ಕೆತ್ತಿಕೊಡುತ್ತಿದ್ದಾಗ ಬೆಳೆದ ಒಡನಾಟ ಅದು. ಲಿಥೊಗ್ರಾಫ್ (ಕಲ್ಲಚ್ಚು), ಎಚಿಂಗ್ (ಲೋಹದ ತಗಡಿನ ಅಚ್ಚು) ಮಾಡಿಸುತ್ತಿದ್ದ ಹಳೆಯ ಮುದ್ರಕರು ಪ್ಯಾರಿಸ್‌ನಲ್ಲಿದ್ದರು. ಅಲ್ಲಿಗೆ ಕಳುಹಿಸಿ, ಕರಡು ಅಚ್ಚು ಬರುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಅರ್ನೆರಾ ಹತ್ತಿರದಲ್ಲೇ ಇದ್ದ. ನಿಮಗೆ ಅರ್ನೆರಾ ಇಲ್ಲ. ಆದ್ದರಿಂದ ಕೆತ್ತುವುದಕ್ಕಿಂತ ಮುದ್ರಿಸುವ ಸಂಗತಿಗಳೇ ಈ ಲೇಖನದಲ್ಲಿ ಹೆಚ್ಚು ಜಾಗ ತೆಗೆದುಕೊಂಡರೆ ಬೇಸರಿಸಬೇಡಿ. ಮೂರು ಬಣ್ಣದ ಅಚ್ಚು ಹಾಳಾಗುವುದು ಹೆಚ್ಚಾಗಿ ಅಲ್ಲೇ.

ಮೊದಲು ಸಾಮಾನು

ಅಂಗಡಿಯಲ್ಲಿ "ಲಿನೋಲಿಯಂ ಕೊಡಿ" ಎಂದರೆ ಪಿವಿಸಿ ನೆಲಹಾಸು ಕತ್ತರಿಸಿ ಕೊಡುವವರೇ ಹೆಚ್ಚು. ಅದು ಬೇರೆ ವಸ್ತು. ಅಸಲಿ ಲಿನೊ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ನೆಲಕ್ಕೆ ಹಾಸಲೆಂದು ರೂಪಿಸಿದ್ದು. ಅಗಸೆ ಎಣ್ಣೆಯನ್ನು ಗಾಳಿಗೆ ಗಟ್ಟಿಯಾಗಲು ಬಿಟ್ಟು, ಕಾರ್ಕ್ ಪುಡಿ, ರಾಳ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಒತ್ತಿ ಮಾಡಿದ ಹಾಳೆ. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆ. ಗುರುತಿಸುವುದು ಸುಲಭ: ಹಿಂಬದಿ ತಿರುಗಿಸಿದರೆ ಸೆಣಬಿನ ನೇಯ್ಗೆ ಕಾಣಬೇಕು, ಮೂಗಿಗೆ ಹಿಡಿದರೆ ಎಣ್ಣೆಯ ವಾಸನೆ ಬರಬೇಕು. ಚಿತ್ರಕಲಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸುಮಾರು 3 ಮಿಲಿಮೀಟರ್ ದಪ್ಪದ ಬೂದು ಅಥವಾ ಕಂದು ತುಂಡುಗಳು ಸಿಗುತ್ತವೆ. ರಬ್ಬರಿನಂಥ ಮೆತ್ತನೆಯ ಬದಲಿಯೂ ಇದೆ. ಕೈಗೆ ಹಿತ, ಆದರೆ ಸೂಕ್ಷ್ಮ ಗೆರೆ ಒತ್ತಡಕ್ಕೆ ಬಾಗುತ್ತದೆ. ಮೂರು ಸಲ ಮುದ್ರಿಸಬೇಕಾದ ಕೆಲಸಕ್ಕೆ ನಾನು ಅಸಲಿ ಲಿನೊವನ್ನೇ ಹೇಳುತ್ತೇನೆ. ಹಳೆಯ ದಾಸ್ತಾನು ಬಿರುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಡಿ. ಮೈ ಸಡಿಲವಾಗಿ ಉಳಿಗೆ ಸಲೀಸಾಗಿ ಒಲಿಯುತ್ತದೆ.

ಮೊದಲ ಕೆಲಸಕ್ಕೆ 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ತುಂಡು ಸಾಕು. ಉಳಿಗಳಲ್ಲಿ ಎರಡು ಬೇಕೇ ಬೇಕು: ಗೆರೆ ಎಳೆಯಲು ವಿ ಆಕಾರದ ಬಾಯಿಯದು, ಜಾಗ ತೆರವು ಮಾಡಲು ಅಗಲವಾದ ಯು ಆಕಾರದ್ದು. ಹತ್ತು ಉಳಿಗಳ ಅಗ್ಗದ ಪೆಟ್ಟಿಗೆಗಿಂತ ಒಳ್ಳೆಯ ಎರಡು ಉಳಿ, ಜೊತೆಗೊಂದು ನಯವಾದ ಸಾಣೆಕಲ್ಲು ಲೇಸು. ಮೊಂಡು ಉಳಿ ಜಾರುತ್ತದೆ. ಜಾರಿದ ಉಳಿ ನೇರ ಬೆರಳಿಗೆ ಬರುತ್ತದೆ. ಇದರ ಜೊತೆಗೆ ಒಂದು ರಬ್ಬರ್ ರೋಲರ್, ಶಾಯಿ ಹರಡಲು ಅಂಚು ತಿಕ್ಕಿದ ಗಾಜಿನ ತುಂಡು, ಒಂದು ಮರದ ಸೌಟು. ಯಂತ್ರದ ಬದಲು ಒತ್ತುವುದು ಆ ಸೌಟಿನ ಬೆನ್ನು.

ಶಾಯಿ ಎಣ್ಣೆಯದೇ ಇರಲಿ. ನೀರಿನ ಶಾಯಿ ತೊಳೆಯಲು ಸುಲಭವೇನೋ ಹೌದು, ಆದರೆ ನಮ್ಮ ಸೆಕೆಗೆ ಬ್ಲಾಕ್ ಮೇಲೇ ಒಣಗಿ ಅಂಟಾಗುತ್ತದೆ. ಕಲಾವಿದರಿಗೆಂದೇ ಮಾಡಿದ ಶಾಯಿ ದುಬಾರಿ ಎನಿಸಿದರೆ, ಆಫ್‌ಸೆಟ್ ಮುದ್ರಣಾಲಯದವರು ಬಳಸುವ ಡಬ್ಬಿ ಶಾಯಿಯಿಂದಲೂ ಕೆಲಸ ನಡೆಯುತ್ತದೆ. ಅದರ ಹಳದಿ, ಕೆಂಪು, ನೀಲಿ ಅರೆಪಾರದರ್ಶಕ. ಮರೆಮಾಚುವ ಗುಣ ಬೇಕಿದ್ದರೆ ಬಿಳಿ ಬೆರೆಸಿಕೊಳ್ಳಿ.

ಕಾಗದ ತೆಳುವಾಗಿ, ನಯವಾಗಿ ಇರಲಿ. ಖಾದಿ ಭಂಡಾರದ ಒರಟು ಕೈಕಾಗದ ನೋಡಲು ಚೆಂದ, ಆದರೆ ಸೌಟಿನ ಒತ್ತಡಕ್ಕೆ ಅದರ ತಗ್ಗುಗಳಿಗೆ ಶಾಯಿ ಇಳಿಯುವುದಿಲ್ಲ. ಕರಡು ಅಚ್ಚಿಗೆ ನ್ಯೂಸ್‌ಪ್ರಿಂಟ್ ಸಾಕು.

ಕೈ ಪಳಗಲು ಒಂದು ಕಪ್ಪು-ಬಿಳುಪು

ಬಣ್ಣಕ್ಕೆ ಕೈ ಹಾಕುವ ಮುನ್ನ ಚಿಕ್ಕ ತುಂಡಿನ ಮೇಲೆ ಒಂದು ಬಣ್ಣದ ಅಚ್ಚು ತೆಗೆದು ನೋಡಿ. ನಂದಲಾಲ್ ಬೋಸರು 1930ರಲ್ಲಿ ದಂಡಿ ಯಾತ್ರೆಯ ಹೊತ್ತಿಗೆ ಕೆತ್ತಿದ ಗಾಂಧಿಯ ಲಿನೊಕಟ್ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ: ಕಪ್ಪು ಹಿನ್ನೆಲೆ, ಕೋಲು ಹಿಡಿದು ಹೆಜ್ಜೆ ಹಾಕುವ ಬಿಳಿಯ ಆಕೃತಿ. ಪಂಚೆಯ ಮಡಿಕೆ, ಮೈಯ ಅಂಚು, ಕೋಲು ಎಲ್ಲವೂ ಉಳಿ ಹೋದ ದಾರಿಗಳೇ. ಲಿನೊ ಮೇಲೆ ಉಳಿ ಬೆಳಕನ್ನು ಬರೆಯುತ್ತದೆ, ಪೆನ್ಸಿಲ್ ಹಾಗೆ ಕತ್ತಲನ್ನಲ್ಲ. ಇದು ತಲೆಗೆ ಇಳಿದರೆ ರಿಡಕ್ಷನ್ ಅರ್ಧ ಬಂದ ಹಾಗೆ.

ಕೆತ್ತುವಾಗ ಒಂದು ಹಲಗೆಯ ಮೇಲಂಚಿಗೆ ಮೇಲುಗಡೆಯಿಂದಲೂ, ಕೆಳಂಚಿಗೆ ಅಡಿಯಿಂದಲೂ ಒಂದೊಂದು ರೀಪು ಬಡಿದುಕೊಳ್ಳಿ. ಕೆಳಗಿನದು ಮೇಜಿನ ಅಂಚಿಗೆ ಆತುಕೊಳ್ಳುತ್ತದೆ, ಮೇಲಿನದಕ್ಕೆ ಲಿನೊ ಆತುಕೊಳ್ಳುತ್ತದೆ. ಹಿಡಿದುಕೊಂಡ ಕೈ ಯಾವಾಗಲೂ ಉಳಿಯ ಹಿಂದಿರಲಿ. ತಿರುವಿನಲ್ಲಿ ಉಳಿಯನ್ನು ತಿರುಗಿಸಬೇಡಿ, ಲಿನೊವನ್ನು ತಿರುಗಿಸಿ. ಸೆಣಬು ಕಾಣುವಷ್ಟು ಆಳ ಬೇಡ. ಉಳಿಸಿಕೊಳ್ಳುವ ಗೆರೆಯ ಬುಡ ಅಗಲವಾಗುವಂತೆ ಇಳಿಜಾರಾಗಿ ಕೆತ್ತಿ. ಬುಡವನ್ನೇ ಕೊರೆದ ಗೆರೆ ಮೂರನೆಯ ಮುದ್ರಣದ ಹೊತ್ತಿಗೆ ಕಿತ್ತು ಬರುತ್ತದೆ.

ಗೆರೆಯಲ್ಲಲ್ಲ, ಬಣ್ಣದಲ್ಲಿ ಯೋಚಿಸುವುದು

ಪಿಕಾಸೊ 1962ರಲ್ಲಿ ಮಾಡಿದ ದೀಪದ ಕೆಳಗಿನ ವಸ್ತುಚಿತ್ರ ಈ ವಿಧಾನದ ಹೆಸರುವಾಸಿ ಕೃತಿ. ತೂಗುದೀಪ, ಗಾಜಿನ ಲೋಟ, ಕೆಲವು ಸೇಬು. ಹಳದಿ, ಕೆಂಪು, ಹಸಿರು, ಕಪ್ಪು. ಕೊನೆಗೆ ಹಚ್ಚುವ ಕಪ್ಪು ಎಲ್ಲವನ್ನೂ ಕಟ್ಟಿ ಹಿಡಿಯುತ್ತದೆ. ದೀಪದ ಬೆಳಕು ಚೂಪಾದ ಕಿರಣಗಳಾಗಿ ಅದನ್ನು ಸೀಳಿಕೊಂಡು ಬರುತ್ತದೆ. ನಿಮಗೂ ಅಂಥದೇ ಸರಳ ವಿಷಯವಿರಲಿ. ಒಂದು ಹಿತ್ತಾಳೆ ಚೊಂಬು, ಪಕ್ಕದಲ್ಲಿ ಬಾಳೆಹಣ್ಣಿನ ಚಿಪ್ಪು, ಒಂದು ಕಡೆಯಿಂದ ಕಿಟಕಿ ಬೆಳಕು ಎಂದಿಟ್ಟುಕೊಳ್ಳೋಣ. ಭಾವಚಿತ್ರ ಈಗಲೇ ಬೇಡ. ಮುಖದಲ್ಲಿ ಒಂದು ಗೆರೆ ತಪ್ಪಿದರೆ ಮನುಷ್ಯನೇ ಬದಲಾಗುತ್ತಾನೆ, ಬಾಳೆಹಣ್ಣಿಗೆ ಆ ತೊಂದರೆ ಇಲ್ಲ.

ಕಾಗದದ ಬಿಳುಪು, ಹಳದಿ, ಕಾವಿ ಕೆಂಪು, ಕಪ್ಪು ಬೆರೆತ ನೀಲಿ: ಬಣ್ಣ ಮೂರಾದರೂ ಛಾಯೆ ನಾಲ್ಕು. ಚಿತ್ರದ ಪ್ರತಿ ಚೂರೂ ಈ ನಾಲ್ಕರಲ್ಲಿ ಒಂದಾಗಲೇಬೇಕು. ಮೊದಲು ಕಾಗದದ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಹಾಗೆ ವಿಂಗಡಿಸಿ. ಚೊಂಬಿನ ಹೊಟ್ಟೆಯ ಮೇಲಿನ ಮಿಂಚು ಬಿಳುಪು. ಹಣ್ಣಿನ ಬೆಳಕಿನ ಮೈ, ಚೊಂಬಿನ ಎಡಬದಿ ಹಳದಿ. ಹಣ್ಣಿನ ನೆರಳು ಬದಿ, ಚೊಂಬಿನ ನಡುಭಾಗ, ಮೇಜು ಕಾವಿ. ಹಿನ್ನೆಲೆ, ನೆರಳು, ಹಣ್ಣಿನ ತುದಿಯ ಕಪ್ಪು ಚುಕ್ಕೆ ಕೊನೆಯ ಗಾಢ ಬಣ್ಣ. ಮಧ್ಯದ ಛಾಯೆ ಎಂದು ಅನುಮಾನಿಸಿ ನಿಲ್ಲಿಸಿದ ಜಾಗವೇ ಮುಂದೆ ಕೈಕೊಡುತ್ತದೆ. ಪೆನ್ಸಿಲ್ ಹಿಡಿದಿರುವಾಗಲೇ ತೀರ್ಮಾನಿಸಿ. ನಾಲ್ಕನೆಯ, ಐದನೆಯ ಬಣ್ಣದ ಆಸೆ ಬರುತ್ತದೆ. ಬಂದರೆ ಬರಲಿ. ಪ್ರತಿ ಬಣ್ಣಕ್ಕೂ ಒಂದು ಪದರ ಶಾಯಿ ಏರುತ್ತದೆ, ಒಂದು ಸಲ ಹೊಂದಿಸುವ ಕೆಲಸ ಹೆಚ್ಚುತ್ತದೆ, ಕೆಲವು ಹಾಳೆ ಕೆಡುತ್ತವೆ. ಮೂರಕ್ಕೆ ನಿಲ್ಲಿಸಿ.

ಲಿನೊ ಮೇಲ್ಮೈಯನ್ನು ನಯವಾದ ಮರಳುಕಾಗದದಿಂದ ಹಗುರಾಗಿ ತಿಕ್ಕಿ ಜಿಡ್ಡು ತೆಗೆಯಿರಿ. ಚಿತ್ರವನ್ನು ಬೆಣ್ಣೆ ಕಾಗದಕ್ಕೆ ಇಳಿಸಿಕೊಂಡು, ಅದನ್ನು ಮಗುಚಿ, ಕಾರ್ಬನ್ ಹಾಳೆಯಿಟ್ಟು ಲಿನೊಗೆ ಇಳಿಸಿ. ಅಚ್ಚಿನಲ್ಲಿ ಎಡ-ಬಲ ಅದಲುಬದಲಾಗುವುದರಿಂದ ಮಗುಚುವುದನ್ನು ಮರೆಯುವಂತಿಲ್ಲ. ಗೆರೆಗಳನ್ನು ನೀರಿಗೆ ಕರಗದ ಇಂಡಿಯನ್ ಇಂಕಿನಿಂದ ತಿದ್ದಿ. ಮಾರ್ಕರ್ ಪೆನ್ ಬೇಡ; ಅದರ ಬಣ್ಣ ಎಣ್ಣೆಶಾಯಿಯಲ್ಲಿ ಕರಗಿ ನಿಮ್ಮ ಹಳದಿಯನ್ನು ಕೊಳೆ ಮಾಡುತ್ತದೆ. ಆ ಬೆಣ್ಣೆ ಕಾಗದವನ್ನು ಎಸೆಯಬೇಡಿ, ಅದರ ಮೂಲೆಗಳಲ್ಲಿ ಲಿನೊದ ಮೂಲೆಗಳನ್ನು ಗುರುತು ಹಾಕಿಡಿ. ಎರಡು ಸಲ ಶಾಯಿ ಹಚ್ಚಿ ಒರೆಸಿದ ಮೇಲೆ ಗೆರೆ ಮಾಸಿದರೆ ಮತ್ತೆ ಇಳಿಸಿಕೊಳ್ಳಲು ಅದೇ ಆಸರೆ.

ಹೊಂದಿಸುವ ಹಲಗೆ

ರಿಡಕ್ಷನ್‌ನಲ್ಲಿ ಬ್ಲಾಕ್ ಒಂದೇ ಆದ್ದರಿಂದ ಆಕಾರಗಳು ತಮ್ಮಷ್ಟಕ್ಕೆ ಹೊಂದುತ್ತವೆ. ಪಿಕಾಸೊಗೆ ದಕ್ಕಿದ ಲಾಭ ಇದೇ. ಆದರೆ ಕಾಗದ ಪ್ರತಿ ಸಲವೂ ಅದೇ ಜಾಗದಲ್ಲಿ ಕೂರದಿದ್ದರೆ ಆ ಲಾಭವೂ ಇಲ್ಲ. ಮುದ್ರಕನ ಕಡೆ ಅರ್ನೆರಾ ಇದನ್ನು ನೋಡಿಕೊಳ್ಳುತ್ತಿದ್ದ. ನೀವು ಮಾಡಬೇಕಾದದ್ದು ಹೀಗೆ.

ಕಾಗದಕ್ಕಿಂತ ದೊಡ್ಡದಾದ ಪ್ಲೈವುಡ್ ಅಥವಾ ದಪ್ಪ ರಟ್ಟಿನ ಹಲಗೆ ತೆಗೆದುಕೊಳ್ಳಿ. ಲಿನೊ ಕೂರುವ ಜಾಗ ಗುರುತಿಸಿ, ಅದರ ಎಡಬದಿ ಮತ್ತು ಕೆಳಬದಿಗೆ ಲಿನೊದಷ್ಟೇ ದಪ್ಪದ ರಟ್ಟಿನ ಪಟ್ಟಿಗಳನ್ನು ಅಂಟಿಸಿ. ಲಿನೊವನ್ನು ಆ ಮೂಲೆಗೆ ದೂಡಿದರೆ ಅದು ಸರಿಯಬಾರದು. ಅದರಾಚೆಗೆ, ಕಾಗದದ ಎಡ ಮತ್ತು ಕೆಳ ಅಂಚು ಬರುವಲ್ಲಿ, ಇನ್ನೆರಡು ಪಟ್ಟಿ. ಕಾಗದದ ಕೆಳಗಿನ ಎಡಮೂಲೆಯನ್ನು ಅವುಗಳಿಗೆ ಆನಿಸಿ, ಬೆರಳಿನಿಂದ ಹಿಡಿದುಕೊಂಡು ಉಳಿದ ಭಾಗವನ್ನು ನಿಧಾನವಾಗಿ ಇಳಿಬಿಡಬೇಕು. ಹಾಳೆಗಳನ್ನೆಲ್ಲ ಒಂದೇ ಅಳತೆಗೆ, ಲಂಬಕೋನ ತಪ್ಪದಂತೆ ಕತ್ತರಿಸಿ. ಪ್ರತಿ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಆ ಎಡಮೂಲೆಯ ಗುರುತು ಹಾಕಿ. ಲಿನೊದ ಬೆನ್ನಿಗೂ ಮೇಲ್ಮುಖವಾದ ಬಾಣ ಬರೆಯಿರಿ. ಆಷಾಢದ ತೇವಕ್ಕೆ ಕಾಗದ ಹಿಗ್ಗುತ್ತದೆ, ಬಿಸಿಲು ಬಿದ್ದ ದಿನ ಕುಗ್ಗುತ್ತದೆ. ಮಳೆಗಾಲದಲ್ಲಿ ಮಾಡುವುದಾದರೆ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮುದ್ರಿಸುವಾಗ ಮಾತ್ರ ಹೊರತೆಗೆಯಿರಿ.

ಹತ್ತು ಒಳ್ಳೆಯ ಪ್ರತಿ ಬೇಕಿದ್ದರೆ ಹದಿನಾರು ಹಾಳೆಗಳಿಂದ ಶುರು ಮಾಡಿ. ಮಧ್ಯದಲ್ಲಿ ಸೇರಿಸಲು ಬರುವುದಿಲ್ಲ. ಪಿಕಾಸೊನ ಈ ಕೃತಿಗಳು ಸಾಮಾನ್ಯವಾಗಿ 50 ಪ್ರತಿಗಳ ಆವೃತ್ತಿಯಾಗಿ ಹೊರಬಂದವು. ಆ ಎಣಿಕೆಯ ಎಲ್ಲ ಹಾಳೆಗಳೂ ಮೊದಲ ಬಣ್ಣದಿಂದಲೇ ಸಾಲಿನಲ್ಲಿರಬೇಕಿತ್ತು ಎಂಬುದನ್ನು ನೆನೆದರೆ ಅರ್ನೆರಾನ ಮೇಲೆ ಗೌರವ ಹೆಚ್ಚುತ್ತದೆ.

ಮೊದಲ ಬಣ್ಣ

ಈಗ ಕೆತ್ತಬೇಕಾದದ್ದು ತೀರಾ ಕಡಿಮೆ: ಬಿಳಿಯಾಗಿ ಉಳಿಯಬೇಕಾದ ಜಾಗ ಮಾತ್ರ. ಚೊಂಬಿನ ಮಿಂಚು, ಬಾಳೆಹಣ್ಣಿನ ಬೆನ್ನಿನ ಒಂದೆರಡು ಗೀರು. ಇಷ್ಟೇ ಸಾಲದೇನೋ ಎಂದು ಕೈ ತುರಿಸುತ್ತದೆ, ತಡೆದುಕೊಳ್ಳಿ.

ಕಡಲೆ ಗಾತ್ರದ ಹಳದಿ ಶಾಯಿಯನ್ನು ಗಾಜಿನ ಮೇಲಿಟ್ಟು ರೋಲರಿನಿಂದ ಎಲ್ಲ ದಿಕ್ಕಿನಲ್ಲೂ ಹರಡಿ. ಪ್ರತಿ ಸಲ ರೋಲರನ್ನು ಎತ್ತಿ ಇಡಬೇಕು, ಹಾಗಾದರೇ ಅದರ ಸುತ್ತಳತೆಯುದ್ದಕ್ಕೂ ಶಾಯಿ ಸಮನಾಗುತ್ತದೆ. ಹದ ತಿಳಿಯುವುದು ಕಿವಿಗೆ. ಶಾಯಿ ಹೆಚ್ಚಿದ್ದಾಗ ರೋಲರ್ ಪಚಪಚ ಎನ್ನುತ್ತದೆ, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿ ಕಾಣುತ್ತದೆ. ಸರಿಯಿದ್ದಾಗ ಸದ್ದು ಸಣ್ಣಗಾಗಿ, ಒಂದೇ ಸಮನೆ ಸರಸರ ಎನ್ನುತ್ತದೆ. ಗಾಜಿನ ಮೇಲಿನ ಪದರ ಮಖಮಲ್ಲಿನಂತಿರುತ್ತದೆ. ಆ ಸದ್ದು ಕೇಳುವವರೆಗೂ ಲಿನೊ ಮುಟ್ಟಬೇಡಿ.

ತೆಳುವಾಗಿ ಎರಡು ಮೂರು ಸಲ ಲಿನೊ ಮೇಲೆ ರೋಲರ್ ಓಡಿಸಿ. ಕಾಗದ ಇಳಿಬಿಟ್ಟು, ಅದರ ಮೇಲೊಂದು ಬೆಣ್ಣೆ ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಸಣ್ಣ ಸುತ್ತುಗಳಲ್ಲಿ ಒತ್ತುತ್ತಾ ಹೋಗಿ. ಅಂಚುಗಳನ್ನು ಮರೆಯಬೇಡಿ. ಅರ್ಧ ಭಾಗವನ್ನು ಅಂಗೈಯಿಂದ ಒತ್ತಿ ಹಿಡಿದು, ಇನ್ನರ್ಧ ಎತ್ತಿ ನೋಡಿ. ಮಸುಕಾಗಿದ್ದರೆ ಹಾಗೇ ಇಳಿಸಿ ಮತ್ತೆ ಒತ್ತಿ. ಹೊಸ ಲಿನೊ ಶಾಯಿ ಕುಡಿಯುವುದರಿಂದ ಮೊದಲ ಒಂದೆರಡು ಅಚ್ಚು ತೆಳುವಾಗಿಯೇ ಬರುತ್ತದೆ. ಅವು ನ್ಯೂಸ್‌ಪ್ರಿಂಟ್ ಮೇಲೆ ಹೋಗಲಿ. ಆಮೇಲೆ ಹದಿನಾರೂ ಹಾಳೆ, ಒಂದೇ ಕೂರಿಕೆಯಲ್ಲಿ.

ಹಾಳೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿಬಿಡಿ. ಎಣ್ಣೆಶಾಯಿ ಬಟ್ಟೆಯಂತೆ ನೀರಾರಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹಾಗಾಗಿ ಫ್ಯಾನಿಗಿಂತ ಸಮಯವೇ ಮುಖ್ಯ. ಬೇಸಿಗೆಯಲ್ಲಿ ಒಂದೆರಡು ದಿನ, ಮಳೆಗಾಲದಲ್ಲಿ ಅದಕ್ಕೂ ಹೆಚ್ಚು. ಬೆರಳಿಗೆ ಅಂಟದಷ್ಟು ಒಣಗಿದರೆ ಮುಂದುವರಿಯಬಹುದು. ವಾರಗಟ್ಟಲೆ ಬಿಟ್ಟರೆ ಮೇಲ್ಮೈ ಗಾಜಿನಂತಾಗಿ ಮುಂದಿನ ಶಾಯಿ ಸರಿಯಾಗಿ ಹಿಡಿಯುವುದಿಲ್ಲ.

ರೋಲರ್, ಗಾಜು, ಲಿನೊ ಒರೆಸಲು ಸೀಮೆಎಣ್ಣೆ ಬೇಕಿಲ್ಲ. ಅಡುಗೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಗಾಜು ಮತ್ತು ರೋಲರನ್ನು ಆಮೇಲೆ ಸೋಪಿನಿಂದ ತೊಳೆದರೆ ಸಾಕು. ಲಿನೊವನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿಡಿ, ಸೆಣಬಿಗೆ ನೀರು ತಾಕಿಸಬೇಡಿ. ಒಂದು ಎಚ್ಚರಿಕೆ: ಅಗಸೆ ಎಣ್ಣೆಯ ಶಾಯಿ ಮೆತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡಿ. ಒಣಗುವಾಗ ಅದು ಶಾಖ ಹುಟ್ಟಿಸುತ್ತದೆ, ಮುದ್ದೆಯೊಳಗೆ ಆ ಶಾಖ ಕೂಡಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಿನಲ್ಲಿ ನೆನೆಹಾಕಿ.

ಎರಡು, ಮೂರು

ಈಗ ಹಳದಿಯಾಗಿ ಉಳಿಯಬೇಕಾದದ್ದನ್ನು ಕೆತ್ತಿ ತೆಗೆಯಿರಿ. ಇಲ್ಲಿ ಮೊದಲ ಗೊಂದಲ ಬರುತ್ತದೆ: ಹಳದಿ ಬೇಕಾದ ಕಡೆ ಹಳದಿ ಈಗಾಗಲೇ ಕಾಗದದ ಮೇಲಿದೆ, ಅದನ್ನು ಮುಂದಿನ ಬಣ್ಣದಿಂದ ಕಾಪಾಡಲು ಅಲ್ಲಿನ ಲಿನೊ ಹೋಗಬೇಕು. ಪ್ರತಿ ಸಲ ಉಳಿ ಇಡುವ ಮುನ್ನ "ಈ ಜಾಗ ಇನ್ನು ಮುಂದೆ ಬದಲಾಗಬಾರದೇ?" ಎಂದು ಕೇಳಿಕೊಳ್ಳಿ. ಹೌದು ಎಂದಾದರೆ ಕೆತ್ತಿ.

ಬಾಳೆಹಣ್ಣಿನ ಹಳದಿ ಒಮ್ಮೆಲೇ ಕಾವಿಗೆ ತಿರುಗಿದರೆ ಕಣ್ಣಿಗೆ ಒರಟಾಗಿ ಕಾಣುತ್ತದೆ. ಗಡಿಯಲ್ಲಿ ಸಣ್ಣ ಉಳಿಯಿಂದ ಹಣ್ಣಿನ ಉದ್ದಕ್ಕೂ ಗೀರುಗಳನ್ನು ಎಳೆಯಿರಿ, ಕೆಲವು ಉದ್ದ, ಕೆಲವು ಗಿಡ್ಡ. ದೂರದಿಂದ ನೋಡಿದಾಗ ಎರಡು ಬಣ್ಣಗಳ ನಡುವೆ ಮೂರನೆಯದೊಂದು ಇದ್ದಂತೆ ತೋರುತ್ತದೆ. ತಂತಿ ಬ್ರಶ್‌ನಿಂದ ಗೀಚಿದರೆ ಹಿತ್ತಾಳೆಯ ಸವಕಲು ಮೈಯೂ ಬರುತ್ತದೆ. ಬಣ್ಣ ಹೆಚ್ಚಿಸದೆ ಛಾಯೆ ಹೆಚ್ಚಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಕಾವಿ ಶಾಯಿ ಹಳದಿಯ ಮೇಲೆ ಕೂರುವುದರಿಂದ ಡಬ್ಬಿಯಲ್ಲಿ ಕಂಡದ್ದಕ್ಕಿಂತ ಬೆಚ್ಚಗೆ ಕಾಣುತ್ತದೆ. ಕೆಟ್ಟ ಹಾಳೆಯೊಂದರ ಮೇಲೆ ಬೆರಳಿನಿಂದ ತೀಡಿ ನೋಡಿ, ಬೇಕಾದರೆ ಬಣ್ಣ ತಿದ್ದಿಕೊಳ್ಳಿ. ಮುದ್ರಿಸಿ, ಒಣಗಲು ಬಿಡಿ.

ಮೂರನೆಯ ಸಲ ಕೆತ್ತುವಾಗ ಲಿನೊದ ಬಹುಪಾಲು ಹೋಗಿ, ಹಿನ್ನೆಲೆ ಮತ್ತು ನೆರಳು ಮಾತ್ರ ಉಳಿದಿರುತ್ತದೆ. ತೆರವಾದ ದೊಡ್ಡ ಜಾಗಗಳಲ್ಲಿ ರೋಲರ್ ತಗ್ಗಿಗೆ ಇಳಿದು ಉಳಿಯ ಗುರುತುಗಳಿಗೂ ಶಾಯಿ ಮೆತ್ತುತ್ತದೆ. ಕೆಲವರು ಆ ಗೀರುಗಳನ್ನು ತೆಗೆಯದೆ ಬಿಡುತ್ತಾರೆ, ಕೈಕೆಲಸದ ಗುರುತೆಂದು. ಹಿನ್ನೆಲೆಯ ಸುತ್ತ ನನಗೂ ಇಷ್ಟ; ಬಾಳೆಹಣ್ಣಿನ ನಡುವೆ ಬಂದರೆ ಮಾತ್ರ ಬಟ್ಟೆಯ ತುದಿಯಿಂದ ಒರೆಸಿಬಿಡುತ್ತೇನೆ. ಕೊನೆಯ ಶಾಯಿಯನ್ನು ಸ್ವಲ್ಪ ದಪ್ಪವಾಗಿಯೇ ಹಚ್ಚಿ, ಅಡಿಯ ಎರಡು ಪದರಗಳನ್ನು ಮುಚ್ಚಬೇಕಲ್ಲ.

ಹೊಂದಿಕೆ ಸರಿಯಿರುವ ಹಾಳೆಗಳನ್ನು ಆರಿಸಿ, ಅಂಚಿನಲ್ಲಿ ಪೆನ್ಸಿಲಿನಿಂದ 1/10, 2/10 ಎಂದು ಬರೆದು ಸಹಿ ಹಾಕಿ. ಇನ್ನು ಆ ಬ್ಲಾಕ್‌ನಿಂದ ಹನ್ನೊಂದನೆಯ ಪ್ರತಿ ಬರುವ ಮಾತೇ ಇಲ್ಲ.

ತೊಳೆದು ತೆಗೆಯುವ ಅಚ್ಚು

1963ರಲ್ಲಿ ಕ್ರೊಮೆಲಿಂಕ್ ಸಹೋದರರು ಪಿಕಾಸೊನ ಮನೆಯಿದ್ದ ಮೂಜಾಂನಲ್ಲೇ ಎಚಿಂಗ್ ಮುದ್ರಣಾಲಯ ತೆರೆದ ಮೇಲೆ ಅವನ ಗಮನ ಆ ಕಡೆ ಹೊರಳಿತು. ಲಿನೊ ಬಿಡುವ ಮುನ್ನ, ಅದೇ ಆಸುಪಾಸಿನಲ್ಲಿ, ಇನ್ನೊಂದು ಪ್ರಯೋಗ ಮಾಡಿದ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಜಾಣತನದ್ದು ಇದು: ಕೆತ್ತಿದ ಬ್ಲಾಕನ್ನು ಬಿಳಿ ಎಣ್ಣೆಶಾಯಿಯಲ್ಲಿ ಬಿಳಿ ಕಾಗದದ ಮೇಲೆ ಒತ್ತುವುದು, ಹಾಳೆಯ ತುಂಬ ಕಪ್ಪು ಚೀನಿ ಶಾಯಿ, ಅಂದರೆ ಇಂಡಿಯನ್ ಇಂಕ್, ಬಳಿಯುವುದು, ನೀರಿನಲ್ಲಿ ತೊಳೆಯುವುದು. ಜಿಡ್ಡಿನ ಬಿಳಿ ಶಾಯಿ ಇರುವಲ್ಲಿ ಕಪ್ಪು ನಿಲ್ಲುವುದಿಲ್ಲ. ಕಾಗದ ಬೆತ್ತಲೆಯಾಗಿರುವಲ್ಲಿ, ಅಂದರೆ ಉಳಿ ಹೋದ ದಾರಿಯಲ್ಲಿ, ಕಪ್ಪು ಇಂಗುತ್ತದೆ. ಲಿನೊದ ಲೆಕ್ಕವೇ ತಲೆಕೆಳಗು. ಉಳಿ ಈಗ ಪೆನ್ಸಿಲಿನಂತೆ ಕಪ್ಪು ಗೆರೆ ಬರೆಯುತ್ತದೆ, ಜೊತೆಗೆ ಕುಂಚದ ಬೂದು ಜಾಡುಗಳು ಬಿಳುಪಿನ ಮೇಲೆ ಅಲ್ಲಲ್ಲಿ ಉಳಿಯುತ್ತವೆ.

ಮನೆಯಲ್ಲಿ ಇದನ್ನು ಸಣ್ಣ ಬ್ಲಾಕ್‌ನಿಂದ ಮಾಡಿ. ನೀರಿಗೆ ಹರಿಯದಷ್ಟು ದಪ್ಪನೆಯ, ನಯವಾದ ಜಲವರ್ಣ ಕಾಗದ ಬೇಕು. ದಪ್ಪ ಕಾಗದವಾದ್ದರಿಂದ ಸೌಟನ್ನು ಬಲವಾಗಿ ಒತ್ತಬೇಕಾಗುತ್ತದೆ. ಬಿಳಿಯ ಮೇಲೆ ಬಿಳಿ ಒತ್ತುವಾಗ ಎಲ್ಲಿ ಮೂಡಿದೆ, ಎಲ್ಲಿಲ್ಲ ಎಂದು ನೇರ ಕಾಣುವುದಿಲ್ಲ. ಹಾಳೆಯನ್ನು ಕಿಟಕಿಯ ಕಡೆ ಓರೆಯಾಗಿ ಹಿಡಿದು ಶಾಯಿಯ ಹೊಳಪು ನೋಡಬೇಕು. ಒಂದು ದಿನ ಆರಲು ಬಿಟ್ಟು, ಅಗಲ ಕುಂಚದಿಂದ ಇಂಡಿಯನ್ ಇಂಕ್ ಬಳಿಯಿರಿ. ಪೂರ್ತಿ ಒಣಗಿಸಬಾರದು, ಒಣಗಿದರೆ ಬಿಳಿಯ ಮೇಲೂ ಗಟ್ಟಿಯಾಗಿ ಕೂತುಬಿಡುತ್ತದೆ. ಕೆಲವು ನಿಮಿಷಗಳಲ್ಲೇ ಬಚ್ಚಲಿನಲ್ಲಿ ಹಾಳೆಯನ್ನು ಓರೆಯಾಗಿ ನಿಲ್ಲಿಸಿ ಮೇಲಿನಿಂದ ಚೊಂಬಿನಲ್ಲಿ ನೀರು ಸುರಿಯಿರಿ, ಕೈಯಿಂದ ಉಜ್ಜಬೇಡಿ. ಎಲ್ಲಿ ನಿಲ್ಲಿಸಬೇಕೆಂಬುದು ನಿಮ್ಮ ಕಣ್ಣಿಗೆ ಬಿಟ್ಟದ್ದು; ಪೂರ್ತಿ ಬೆಳ್ಳಗಾದ ಹಾಳೆಗಿಂತ ಸ್ವಲ್ಪ ಬೂದು ಉಳಿದದ್ದೇ ಹೆಚ್ಚಿನ ಸಲ ಚೆಂದ. ನೀರು ಸುರಿಯುವುದನ್ನು ನಿಲ್ಲಿಸಿದ ಕೂಡಲೇ ಹಾಳೆಯನ್ನು ಹಗ್ಗಕ್ಕೆ ಹಾಕದೆ ಹಲಗೆಯ ಮೇಲೆ ಮಲಗಿಸಿ, ನಾಲ್ಕೂ ಅಂಚಿಗೆ ಗೋಂದಿನ ಪಟ್ಟಿ ಹಚ್ಚಿ ಆರಲು ಬಿಡಿ. ಇಲ್ಲದಿದ್ದರೆ ಒದ್ದೆ ಕಾಗದ ಆರುವಾಗ ಸುರುಳಿ ಸುತ್ತಿಕೊಳ್ಳುತ್ತದೆ.